ಒಂದೇ ಥರ ಕಾಣುವ ಎರಡು ಬೀಜ್ ಬಣ್ಣಗಳು: ನಿಮ್ಮ ಕೋಣೆಗೆ ಯಾವುದು?

ಶೇಡ್ ಕಾರ್ಡ್ ತಿರುವಿ ತಿರುವಿ ಕೊನೆಗೆ ಎರಡೇ ಬಣ್ಣ ಉಳಿದಿವೆ. ಎರಡೂ ಕೆನೆಗೂ ಮರಳಿಗೂ ನಡುವಿನವು. ಒಂದು ತುಸು ಬೂದಿಗೆ ವಾಲುತ್ತದೆ, ಇನ್ನೊಂದು ತುಸು ಹಳದಿಗೆ. ಅಥವಾ ಹಾಗೆ ಅನ್ನಿಸುತ್ತಿದೆ ಅಷ್ಟೆ. ಬೆಳಿಗ್ಗೆ ಒಂದು ಸರಿ ಎನಿಸಿದರೆ ಸಂಜೆ ಇನ್ನೊಂದು. ಈ ಹಂತದಲ್ಲಿ ಎಲ್ಲರೂ ಕೇಳಿಕೊಳ್ಳುವ ಪ್ರಶ್ನೆ "ಯಾವುದು ಚೆನ್ನಾಗಿದೆ?" ಎಂದು. ಅದಕ್ಕೆ ಉತ್ತರ ಸಿಗುವುದಿಲ್ಲ, ಏಕೆಂದರೆ ಎರಡೂ ಚೆನ್ನಾಗಿಯೇ ಇವೆ. ಕೇಳಬೇಕಾದದ್ದು ಬೇರೆ: ಈ ಕೋಣೆಯಲ್ಲಿ ಬದಲಾಗದೆ ಉಳಿಯುವ ನೆಲ, ಕಲ್ಲು, ಮರ, ಸೋಫಾಗಳ ಜೊತೆ, ಇಲ್ಲಿ ಬೀಳುವ ಬೆಳಕಿನಲ್ಲಿ, ಯಾವುದು ಹೊಂದಿಕೊಳ್ಳುತ್ತದೆ?

ಗೋಡೆಗೆ ಬಳಿದ ಮೇಲೆ ಎರಡನೆಯ ಬಣ್ಣ ಪಕ್ಕದಲ್ಲಿ ಇರುವುದಿಲ್ಲ. ಆಗ ಕಣ್ಣಿಗೆ ಕಾಣುವುದು ಗೋಡೆಗೂ ನೆಲಕ್ಕೂ ಇರುವ ಹೊಂದಾಣಿಕೆ, ಇಲ್ಲವೇ ಜಗಳ. ಇಡೀ ಆಯ್ಕೆಯನ್ನು ಅದರ ಸುತ್ತಲೇ ಕಟ್ಟಬೇಕು. ಕೆಳಗಿನ ಕ್ರಮಕ್ಕೆ ಎರಡು ಮೂರು ದಿನ ಸಾಕು. ಅದರಲ್ಲಿ ಕೈಕೆಲಸ ಎರಡು ಗಂಟೆಯದು, ಉಳಿದದ್ದು ಒಣಗಲು ಬಿಡುವುದು ಮತ್ತು ನೋಡುವುದು.

1. ಮೊದಲು ಅಂಕಿಗಳನ್ನು ನೋಡಿ

ಬಹುತೇಕ ಬಣ್ಣದ ಕಂಪನಿಗಳು ಪ್ರತಿ ಶೇಡ್‌ಗೆ ಎಲ್‌ಆರ್‌ವಿ ಎಂಬ ಅಂಕಿ ಕೊಡುತ್ತವೆ. ಗೋಡೆಗೆ ಬಿದ್ದ ಬೆಳಕಿನಲ್ಲಿ ಎಷ್ಟು ಪಾಲು ತಿರುಗಿ ಕೋಣೆಗೆ ಬರುತ್ತದೆ ಎಂಬ ಲೆಕ್ಕ ಅದು. 0 ಎಂದರೆ ಪೂರ್ತಿ ಕಪ್ಪು, 100 ಎಂದರೆ ಪೂರ್ತಿ ಬಿಳಿ. ಬೆಚ್ಚಗಿನ ತಿಳಿಬಣ್ಣಗಳು ಹೆಚ್ಚಾಗಿ 50ರಿಂದ 80ರ ನಡುವೆ ಬರುತ್ತವೆ. 75ರ ಮೇಲಿನ ಬಣ್ಣ ಬಿಸಿಲು ತುಂಬಿದ ಕೋಣೆಯಲ್ಲಿ ಬಿಳಿಯಂತೆಯೇ ಕಾಣಬಹುದು. 60ರ ಆಸುಪಾಸಿನಲ್ಲಿದ್ದರೆ ಗೋಡೆಗೆ ಬಣ್ಣ ಹಚ್ಚಿದ್ದಾರೆ ಎಂದು ಗೊತ್ತಾಗುತ್ತದೆ. 50ಕ್ಕಿಂತ ಕೆಳಗಿನದು ಕಿಟಕಿ ಚಿಕ್ಕದಿರುವ ಕೋಣೆಯಲ್ಲಿ ಮಂಕು ಹಿಡಿಸುತ್ತದೆ.

ನಿಮ್ಮ ಎರಡು ಬಣ್ಣಗಳ ಎಲ್‌ಆರ್‌ವಿ ನಡುವೆ ಐದಕ್ಕಿಂತ ಹೆಚ್ಚು ಅಂತರವಿದ್ದರೆ ನಿಮ್ಮ ಗೊಂದಲ ಬಣ್ಣದ್ದಲ್ಲ, ತಿಳಿಯೋ ಗಾಢವೋ ಎಂಬುದರದು. ಕೋಣೆಯಲ್ಲಿ ಬೆಳಕು ಕಡಿಮೆಯಿದ್ದರೆ ಹೆಚ್ಚಿನ ಅಂಕಿಯದನ್ನು, ಬೆಳಕು ಕಣ್ಣು ಕುಕ್ಕುವಷ್ಟಿದ್ದರೆ ಕಡಿಮೆಯದನ್ನು ಮೊದಲ ಸ್ಥಾನದಲ್ಲಿಟ್ಟು ಮುಂದುವರಿಯಿರಿ. ಅಂತರ ಎರಡು ಮೂರೇ ಆಗಿದ್ದರೆ ಎಲ್‌ಆರ್‌ವಿಯನ್ನು ಮರೆತುಬಿಡಿ. ವ್ಯತ್ಯಾಸ ಇರುವುದು ಒಳಛಾಯೆಯಲ್ಲಿ.

ಕೆಲವು ಕಾರ್ಡುಗಳಲ್ಲಿ ಎನ್‌ಸಿಎಸ್ ಎಂಬ ಬಣ್ಣ ಗುರುತಿಸುವ ಪದ್ಧತಿಯ ಸಂಕೇತ ಇರುತ್ತದೆ. ಅದನ್ನು ಓದಲು ಕಲಿತರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಉದಾಹರಣೆಗೆ ಎಸ್ 1005-ವೈ20ಆರ್ ಎಂಬುದನ್ನು ತೆಗೆದುಕೊಳ್ಳಿ. ಮೊದಲ ಎರಡು ಅಂಕಿ, ಅಂದರೆ 10, ಕಪ್ಪಿನ ಪಾಲು. ನಂತರದ 05 ಬಣ್ಣದ ತೀವ್ರತೆ. ವೈ20ಆರ್ ಎಂದರೆ ಹಳದಿ, ಅದರಲ್ಲಿ ಕೆಂಪಿನ ಕಡೆಗೆ 20 ಪಾಲು ವಾಲಿದ್ದು. ಇನ್ನೊಂದು ಬಣ್ಣ ಎಸ್ 1005-ವೈ50ಆರ್ ಆಗಿದ್ದರೆ ಕಪ್ಪೂ ತೀವ್ರತೆಯೂ ಒಂದೇ, ಕೆಂಪು ಮಾತ್ರ ಹೆಚ್ಚು. ಹಾಗಾಗಿ ಗೋಡೆ ತುಂಬಿದಾಗ ಎರಡನೆಯದು ಗುಲಾಬಿಗೆ ತಿರುಗುತ್ತದೆ. ಅಂಗೈಯಗಲದ ಚೀಟಿಯಲ್ಲಿ ಕಾಣದ ವ್ಯತ್ಯಾಸ ಈ ಸಂಕೇತದಲ್ಲಿ ಎದ್ದು ಕಾಣುತ್ತದೆ.

2. ಒಳಛಾಯೆ ಹಿಡಿಯಿರಿ

ಪೇಂಟರುಗಳು ಅಂಡರ್‌ಟೋನ್ ಅನ್ನುವುದು ಇದಕ್ಕೇ. ಬೀಜ್, ಗ್ರೇಜ್ (ಬೂದು ಬೆರೆತ ಬೀಜ್), ಆಫ್‌ವೈಟ್ ಯಾವುದೇ ಇರಲಿ, ಒಳಗೆ ಹಳದಿ, ಗುಲಾಬಿ, ಹಸಿರು, ನೇರಳೆ ಈ ನಾಲ್ಕರಲ್ಲಿ ಒಂದರ ಎಳೆ ಇದ್ದೇ ಇರುತ್ತದೆ. ಬಣ್ಣವನ್ನು ಒಂಟಿಯಾಗಿ ನೋಡಿದರೆ ಅದು ಕಾಣುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಇದ್ದಾಗ ಮಾತ್ರ ಹೊರಬರುತ್ತದೆ.

ಎರಡೂ ಚೀಟಿಗಳನ್ನು ಒಂದೇ ಬಿಳಿ ಹಾಳೆಯ ಮೇಲೆ ಅಂಚಿಗೆ ಅಂಚು ತಾಗಿಸಿ ಇಡಿ. ನಡುವೆ ಬಿಳಿ ಪಟ್ಟಿ ಕಾಣಬಾರದು. ಕಿಟಕಿಯ ಹತ್ತಿರ, ನೇರ ಬಿಸಿಲು ಬೀಳದ ಕಡೆ ನೋಡಿ. ಮೊದಲ ಐದು ಸೆಕೆಂಡಿನಲ್ಲಿ ಅನ್ನಿಸಿದ್ದನ್ನು ಬರೆದುಕೊಳ್ಳಿ: "ಎಡಗಡೆಯದು ಹಸಿರು, ಬಲಗಡೆಯದು ಪೀಚ್" ಎಂಬಷ್ಟು ಒರಟಾಗಿ ಬರೆದರೆ ಸಾಕು. ಹೆಚ್ಚು ಹೊತ್ತು ದಿಟ್ಟಿಸಿದರೆ ಕಣ್ಣು ಹೊಂದಿಕೊಂಡು ವ್ಯತ್ಯಾಸ ಕರಗುತ್ತದೆ. ಇಲ್ಲಿ ಒಂದು ಎಚ್ಚರಿಕೆ. ಪ್ರಿಂಟರಿಗೆ ಹಾಕುವ ಬಿಳಿ ಹಾಳೆಗೆ ಹೊಳಪು ಬರಲೆಂದು ನೀಲಿ ಬೆಳಕು ಸೂಸುವ ರಾಸಾಯನಿಕ ಸೇರಿಸಿರುತ್ತಾರೆ. ಹಗಲಿನಲ್ಲಿ ಆ ಹಾಳೆಯ ಪಕ್ಕ ಯಾವ ಬೆಚ್ಚಗಿನ ಬಣ್ಣವನ್ನಿಟ್ಟರೂ ಇರುವುದಕ್ಕಿಂತ ಹೆಚ್ಚು ಹಳದಿಯಾಗಿ ಕಾಣುತ್ತದೆ. ಎರಡರಲ್ಲಿ ಯಾವುದು ಯಾವ ಕಡೆ ವಾಲುತ್ತದೆ ಎಂದು ತಿಳಿಯಲು ಹಾಳೆ ಸಾಕು. ಗೋಡೆ ಎಷ್ಟು ಹಳದಿಯಾದೀತು ಎಂದು ಅದರಿಂದ ಅಳೆಯಬೇಡಿ.

ಬಣ್ಣಕ್ಕೆ ಏನೇನು ಸೇರಿದೆ ಎಂದು ತೋರಿಸುವ, ಬಣ್ಣ ಬೆರೆಸುವ ಯಂತ್ರದ ಚೀಟಿ ಸಿಕ್ಕರೆ ಇನ್ನೂ ಒಳ್ಳೆಯದು. ಬೆಚ್ಚಗಿನ ತಿಳಿಬಣ್ಣಗಳಿಗೆ ಬಿಳಿ ಬೇಸ್‌ಗೆ ಹೆಚ್ಚಾಗಿ ಸೇರುವುದು ಹಳದಿ ಆಕ್ಸೈಡ್, ಕೆಂಪು ಆಕ್ಸೈಡ್, ಕಪ್ಪು ಮತ್ತು ಅಂಬರ್ ಎಂಬ ಮಣ್ಣಿನ ಕಂದು. ಹಳದಿಗೆ ಕಪ್ಪು ಸೇರಿದರೆ ಆಲಿವ್ ಹಸಿರು ಹುಟ್ಟುತ್ತದೆ. ಗ್ರೇಜ್ ಬಣ್ಣಗಳು ಕೆಲವು ಗೋಡೆಗಳಲ್ಲಿ ಇದ್ದಕ್ಕಿದ್ದಂತೆ ಹಸಿರಾಗಿ ಕಾಣುವುದಕ್ಕೆ ಕಾರಣ ಇದೇ. ಚೀಟಿಯಲ್ಲಿ ಹಳದಿಯೂ ಕಪ್ಪೂ ಇದ್ದು ಕೆಂಪು ಇಲ್ಲವೇ ಇಲ್ಲ ಎಂದಾದರೆ ಹಸಿರಿನ ಅಪಾಯ ಇದೆ. ಕೆಂಪು ಆಕ್ಸೈಡ್ ಸ್ವಲ್ಪ ಸೇರಿದ್ದರೆ ಆ ಹಸಿರು ಸತ್ತು ಬಣ್ಣ ಮಣ್ಣಿನ ಕಡೆಗೆ ಬರುತ್ತದೆ. ಅದೇ ಕೆಂಪು ಜಾಸ್ತಿಯಾದರೆ ಗೋಡೆಗೆ ಗುಲಾಬಿ ಬರುತ್ತದೆ.

ಮೊಬೈಲ್ ಪರದೆಯಲ್ಲಿ ಬಣ್ಣ ಹೋಲಿಸುವುದು ಬೇಡ. ಪರದೆಯ ಹೊಳಪು ಮತ್ತು ರಾತ್ರಿ ಮೋಡ್ ಎರಡೂ ಬಣ್ಣವನ್ನು ಬದಲಿಸುತ್ತವೆ. ಕ್ಯಾಮೆರಾ ಕೂಡ ಬೆಚ್ಚಗಿನ ಛಾಯೆಯನ್ನು ತಪ್ಪೆಂದು ತಿಳಿದು ತಾನಾಗಿ ತಿದ್ದಿಬಿಡುತ್ತದೆ.

3. ಬದಲಾಗದ ವಸ್ತುಗಳ ಎದುರು ನಿಲ್ಲಿಸಿ

ನೆಲ, ಗ್ರಾನೈಟ್, ಬಾಗಿಲು, ದೊಡ್ಡ ಸೋಫಾ, ಕಪಾಟು ಇವುಗಳಲ್ಲಿ ಮುಂದಿನ ಕೆಲವು ವರ್ಷ ಬದಲಾಗದವು ಯಾವುವು ಎಂದು ಮೊದಲು ಗುರುತು ಮಾಡಿ. ಪರದೆ, ದಿಂಬಿನ ಹೊದಿಕೆ ಲೆಕ್ಕಕ್ಕಿಲ್ಲ. ಅವನ್ನು ಬದಲಿಸುವುದು ಸುಲಭ.

ಚೀಟಿಯನ್ನು ನೆಲದ ಮೇಲೆ ಮಲಗಿಸಬೇಡಿ. ನೆಲಕ್ಕೆ ತಾಗಿದಂತೆ ಗೋಡೆಗೆ ಒರಗಿಸಿ ನೆಟ್ಟಗೆ ನಿಲ್ಲಿಸಿ, ಏಕೆಂದರೆ ಮಲಗಿದ ಬಣ್ಣಕ್ಕೆ ಮೇಲಿನಿಂದ ಬೆಳಕು ಬಿದ್ದು ಅದು ಇರುವುದಕ್ಕಿಂತ ತಿಳಿಯಾಗಿ ಕಾಣುತ್ತದೆ. ಈಗ ನೆಲದ ಒಳಛಾಯೆಗೆ ಯಾವುದು ಹತ್ತಿರ ಎಂದು ನೋಡಿ. ನೆಲ ಗುಲಾಬಿ ಎಳೆಯದಾಗಿದ್ದು ಗೋಡೆ ಹಳದಿ ಎಳೆಯದಾದರೆ ನೆಲ ಚರ್ಮದ ಬಣ್ಣಕ್ಕೂ ಗೋಡೆ ಮಾಸಿದ ಬಣ್ಣಕ್ಕೂ ತಿರುಗುತ್ತವೆ. ಗೋಡೆ ಮತ್ತು ನೆಲ ಒಂದೇ ಎಳೆಯವಾಗಿದ್ದರೆ ಚೆಂದ. ಸ್ಪಷ್ಟವಾಗಿ ಬೇರೆಯಾಗಿದ್ದರೂ ಪರವಾಗಿಲ್ಲ. ಹೆಚ್ಚು ಕಾಡುವುದು ಹತ್ತಿರ ಬಂದು ಹೊಂದದೆ ಹೋದ ಜೋಡಿ. ಸರಿ ಮಾಡಲು ಹೋಗಿ ತಪ್ಪಿದಂತೆ ಅದು ಕಾಣುತ್ತದೆ.

ಪಕ್ಕದ ಬಣ್ಣ ಗೋಡೆಯ ಬಣ್ಣವನ್ನು ತನ್ನ ವಿರುದ್ಧ ದಿಕ್ಕಿಗೆ ತಳ್ಳುತ್ತದೆ ಎಂಬುದನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಶೆಲ್ ಷೆವ್ರಲ್ 1839ರಲ್ಲೇ ವಿವರವಾಗಿ ಬರೆದಿದ್ದರು. ಪ್ಯಾರಿಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗದ ಮುಖ್ಯಸ್ಥರಾಗಿದ್ದ ಅವರಿಗೆ ಕಪ್ಪು ನೂಲು ಮಂಕಾಗಿದೆ ಎಂಬ ದೂರು ಬಂದಿತ್ತು. ಪರೀಕ್ಷಿಸಿದಾಗ ದೋಷ ಬಣ್ಣದಲ್ಲಿ ಇರಲಿಲ್ಲ, ಪಕ್ಕದಲ್ಲಿ ನೇಯ್ದ ಬಣ್ಣಗಳಲ್ಲಿತ್ತು. ನಿಮ್ಮ ಕೋಣೆಯಲ್ಲೂ ಅದೇ ನಡೆಯುತ್ತದೆ. ಕೆಂಪು ಅಥವಾ ಕಿತ್ತಳೆ ಛಾಯೆಯ ಮರದ ನೆಲದ ಪಕ್ಕದಲ್ಲಿ ಬೂದು ಬೆರೆತ ಬೀಜ್ ಹಸಿರಿನ ಕಡೆಗೆ ಸರಿಯುತ್ತದೆ. ಅಂಥ ನೆಲವಿದ್ದು ಎರಡು ಬಣ್ಣಗಳಲ್ಲಿ ಒಂದಕ್ಕೆ ಆಗಲೇ ಹಸಿರು ಎಳೆ ಇದ್ದರೆ ಅದನ್ನು ಇಲ್ಲೇ ಕೈಬಿಡಿ.

ಸೀಲಿಂಗ್ ಮತ್ತು ಬಾಗಿಲಿನ ಚೌಕಟ್ಟಿನ ಬಿಳಿಯನ್ನೂ ಮರೆಯಬೇಡಿ. ನೀಲಿ ಎಳೆಯ ಅಚ್ಚ ಬಿಳಿಯ ಪಕ್ಕದಲ್ಲಿ ಹಳದಿ ಬೀಜ್ ಹಳೆಯ ಕಾಗದದಂತೆ ಮಾಸಿ ಕಾಣುತ್ತದೆ. ಕೆನೆ ಬಿಳಿಯಿದ್ದರೆ ಅದೇ ಬೀಜ್ ಶಾಂತವಾಗಿರುತ್ತದೆ. ಬಿಳಿಯನ್ನು ಬದಲಿಸುವ ಯೋಚನೆ ಇದ್ದರೆ ಗೋಡೆಯ ಬಣ್ಣ ನಿರ್ಧರಿಸುವ ಮೊದಲೇ ಅದನ್ನು ನಿರ್ಧರಿಸಿ.

4. ಬೆಳಕಿನ ಲೆಕ್ಕ

ಭೂಮಧ್ಯರೇಖೆಯಿಂದ ಉತ್ತರಕ್ಕೆ ದೂರ ಹೋದಷ್ಟೂ ಉತ್ತರದ ಕಿಟಕಿಗೆ ನೇರ ಬಿಸಿಲು ಕಡಿಮೆ. ಅಲ್ಲಿಂದ ಬರುವುದು ಆಕಾಶದ ನೀಲಿ ಬೆರೆತ ತಣ್ಣನೆಯ, ದಿನವಿಡೀ ಹೆಚ್ಚು ಬದಲಾಗದ ಬೆಳಕು. ದಕ್ಷಿಣದ ಕಿಟಕಿಗೆ ಬೆಚ್ಚಗಿನ, ಜೋರಾದ ಬೆಳಕು. ದಕ್ಷಿಣ ಗೋಳಾರ್ಧದಲ್ಲಿ ಇದು ತಿರುವುಮುರುವು. ಪೂರ್ವದ ಕೋಣೆ ಬೆಳಿಗ್ಗೆ ಹಳದಿ, ಮಧ್ಯಾಹ್ನದ ನಂತರ ತಣ್ಣಗೆ. ಪಶ್ಚಿಮದ ಕೋಣೆ ಸಂಜೆ ಕೆಂಪೇರುತ್ತದೆ.

ತಣ್ಣನೆಯ ಬೆಳಕಿನಲ್ಲಿ ಬೂದು ಬೆರೆತ ಬೀಜ್ ತನ್ನ ಬೆಚ್ಚಗನ್ನು ಕಳೆದುಕೊಂಡು ಬರೀ ಬೂದಾಗುತ್ತದೆ, ಕೆಲವೊಮ್ಮೆ ನೇರಳೆಯತ್ತ ಜಾರುತ್ತದೆ. ಅಲ್ಲಿಗೆ ಎರಡರಲ್ಲಿ ಹೆಚ್ಚು ಹಳದಿಯದು ಸರಿ. ಸಂಜೆ ಬಿಸಿಲು ತುಂಬುವ ಕೋಣೆಗೆ ಅದೇ ಹಳದಿ ಬೀಜ್ ಏಪ್ರಿಕಾಟ್ ಆಗಿಬಿಡುತ್ತದೆ, ಅಲ್ಲಿ ಬೂದಿನದೇ ಮೇಲು. ಕಿಟಕಿಯ ಹೊರಗೆ ಏನಿದೆ ಎಂಬುದೂ ಮುಖ್ಯ. ದಟ್ಟ ಗಿಡಮರಗಳಿದ್ದರೆ ಹಸಿರು ಬೆಳಕು ಒಳಗೆ ಬಂದು ಎದುರಿನ ಗೋಡೆಯ ಮೇಲೆ ಕೂರುತ್ತದೆ. ಎದುರು ಕಟ್ಟಡ ಇಟ್ಟಿಗೆಯದಾದರೆ ಗುಲಾಬಿ ಬರುತ್ತದೆ.

ರಾತ್ರಿಯ ಬೆಳಕು ಬಲ್ಬಿನದು. 2700 ಕೆಲ್ವಿನ್ ಬಲ್ಬು ಎಲ್ಲವನ್ನೂ ಹಳದಿಗೆ ಎಳೆಯುತ್ತದೆ, 4000 ಹೆಚ್ಚುಕಡಿಮೆ ಮಧ್ಯದ್ದು, 6500 ನೀಲಿಯ ಕಡೆಯದು. ಬಲ್ಬಿನ ಡಬ್ಬಿಯ ಮೇಲಿನ ಸಿಆರ್‌ಐ ಅಂಕಿ, ಅಂದರೆ ಆ ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ, 90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಳ್ಳೆಯದು. 80ರ ಬಲ್ಬಿನಡಿ ಕೆಂಪು ಎಳೆ ಸೊರಗಿ, ಬೀಜ್ ನಿರ್ಜೀವವಾಗಿ ಕಾಣಬಹುದು. ಬಲ್ಬುಗಳನ್ನು ಬದಲಿಸುವುದಿದ್ದರೆ ಬಣ್ಣ ಪರೀಕ್ಷಿಸುವ ಮೊದಲೇ ಬದಲಿಸಿ. ಒಂದು ಬೆಳಕಿನಲ್ಲಿ ಅವಳಿಗಳಂತಿರುವ ಎರಡು ಬಣ್ಣಗಳು ಇನ್ನೊಂದು ಬೆಳಕಿನಲ್ಲಿ ಸ್ಪಷ್ಟವಾಗಿ ಬೇರೆಯಾಗುವುದು ಅಪರೂಪವಲ್ಲ. ಒಳಗಿನ ವರ್ಣದ್ರವ್ಯಗಳು ಬೇರೆ ಬೇರೆ ಆಗಿದ್ದರೆ ಹೀಗಾಗುತ್ತದೆ. ಹಗಲಿನಲ್ಲಿ ಮಾತ್ರ ನೋಡಿ ಆರಿಸಿದವರಿಗೆ ಅದು ಗೊತ್ತಾಗುವುದು ಬಣ್ಣ ಬಳಿದ ರಾತ್ರಿ.

5. ಹಲಗೆ ತಯಾರಿಸಿ

ಎಷ್ಟೇ ಯೋಚಿಸಿದರೂ ಈ ಹಂತ ತಪ್ಪಿಸಬೇಡಿ. ಗೋಡೆಗೇ ನೇರವಾಗಿ ಒಂದೊಂದು ಪಟ್ಟಿ ಬಳಿದು ನೋಡುವ ರೂಢಿ ಇದೆ. ಅದು ಮೋಸ ಮಾಡುತ್ತದೆ. ಸುತ್ತಲಿನ ಹಳೆಯ ಬಣ್ಣ ಹೊಸದನ್ನು ಬೇರೆ ಕಡೆ ತಳ್ಳುತ್ತದೆ, ಒಂದೇ ಕೋಟಿನಲ್ಲಿ ಹಳೆಯದು ಒಳಗಿಂದ ಇಣುಕುತ್ತದೆ, ಪಟ್ಟಿಯ ಅಂಚಿನ ಉಬ್ಬು ನಂತರದ ಕೋಟಿನ ಅಡಿಯಲ್ಲೂ ಕಾಣುತ್ತದೆ. ಮುಖ್ಯವಾಗಿ ಆ ಪಟ್ಟಿಯನ್ನು ಕೋಣೆಯ ಇನ್ನೊಂದು ಮೂಲೆಗೆ ಒಯ್ಯಲಾಗುವುದಿಲ್ಲ.

ಬೇಕಾಗುವುದು: 60 × 60 ಸೆಂ.ಮೀ. ಅಳತೆಯ ನಾಲ್ಕು ಬಿಳಿ ಫೋಮ್ ಬೋರ್ಡು ಅಥವಾ ಪ್ರೈಮರ್ ಹಚ್ಚಿದ ತೆಳು ಹಲಗೆ, ಪ್ರತಿ ಬಣ್ಣದ 200 ಮಿ.ಲೀ. ಸ್ಯಾಂಪಲ್, ಚಿಕ್ಕ ರೋಲರ್, ಮಾಸ್ಕಿಂಗ್ ಟೇಪ್. ಲೀಟರಿಗೆ ಒಂದು ಕೋಟ್‌ಗೆ 10 ಚದರ ಮೀಟರ್ ಎಂದಿಟ್ಟುಕೊಂಡರೆ ಒಂದು ಬಣ್ಣದ ಎರಡು ಹಲಗೆಗೆ ಎರಡು ಕೋಟ್ ಹಾಕಲು ಸುಮಾರು 145 ಮಿ.ಲೀ. ಸಾಕು.

1. ಸ್ಯಾಂಪಲನ್ನು ತಳದಿಂದ ಎರಡು ನಿಮಿಷ ಕಲಕಿ. ವರ್ಣದ್ರವ್ಯ ಕೆಳಗೆ ಕುಳಿತಿದ್ದರೆ ಮೊದಲ ಹಲಗೆ ತಿಳಿಯಾಗಿಯೂ ಕೊನೆಯದು ಗಾಢವಾಗಿಯೂ ಬರುತ್ತದೆ.

2. ಹಲಗೆಯ ಮೂರು ಬದಿಗಳಲ್ಲಿ 4-5 ಸೆಂ.ಮೀ. ಅಂಚನ್ನು ಟೇಪಿನಿಂದ ಮುಚ್ಚಿ, ಮೂಲೆಯಲ್ಲಿ ಇನ್ನೊಂದು ಹಲಗೆಗೆ ಸೇರುವ ನಾಲ್ಕನೆಯ ಬದಿಯನ್ನು ಹಾಗೇ ಬಿಡಿ. ಆ ಬಿಳಿ ಅಂಚು ಹಳೆಯ ಗೋಡೆಯಿಂದ ಹೊಸ ಬಣ್ಣವನ್ನು ಬೇರ್ಪಡಿಸುತ್ತದೆ.

3. ರೋಲರಿನಿಂದಲೇ ಹಚ್ಚಿ. ಬ್ರಷ್ ಗೆರೆಗಳ ನೆರಳಿನಿಂದ ಬಣ್ಣ ತುಸು ಗಾಢವಾಗಿ ಕಾಣುತ್ತದೆ. ಗೋಡೆಗೂ ರೋಲರೇ ತಾನೇ ಬರುವುದು.

4. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 2ರಿಂದ 4 ಗಂಟೆ, ಬಿಟ್ಟು ಎರಡನೆಯ ಕೋಟ್ ಹಾಕಿ. ತೆಳುವಾಗಿ ಕಂಡರೆ ಮೂರನೆಯದೂ ಇರಲಿ.

5. ರಾತ್ರಿಯಿಡೀ ಒಣಗಲಿ. ನೀರಿನ ಎಮಲ್ಷನ್ ಹಸಿಯಿದ್ದಾಗ ಹಾಲು ಬೆರೆಸಿದಂತೆ ತಿಳಿಯಾಗಿದ್ದು ಒಣಗಿದ ಮೇಲೆ ಗಾಢವಾಗುತ್ತದೆ. ಹಸಿ ಹಲಗೆ ನೋಡಿ ತೀರ್ಮಾನಿಸಬೇಡಿ.

6. ಹಲಗೆಯ ಹಿಂದೆ ಹೆಸರು ಬರೆಯಬೇಡಿ, ಅ ಮತ್ತು ಆ ಎಂದಷ್ಟೇ ಬರೆಯಿರಿ. ಬಣ್ಣದ ಹೆಸರಿಗೂ ಮನಸ್ಸು ಸೋಲುತ್ತದೆ.

ಸ್ಯಾಂಪಲ್ ಮ್ಯಾಟ್ (ಹೊಳಪಿಲ್ಲದ್ದು) ಆಗಿದ್ದು ನೀವು ಗೋಡೆಗೆ ಹಾಕುವುದು ಸ್ಯಾಟಿನ್ (ತುಸು ಹೊಳಪಿನದು) ಆಗಿದ್ದರೆ ಫಲಿತಾಂಶ ಬೇರೆ. ಹೊಳಪು ಹೆಚ್ಚಿದ್ದಷ್ಟೂ ಅದೇ ಬಣ್ಣ ಗಾಢವಾಗಿ, ತೀವ್ರವಾಗಿ ಕಾಣುತ್ತದೆ. ಬೆಳಕು ನೇರವಾಗಿ ಪ್ರತಿಫಲಿಸುವ ಜಾಗದಲ್ಲಿ ಮಾತ್ರ ಬಿಳಿಚುತ್ತದೆ. ಎರಡನ್ನೂ ಒಂದೇ ಫಿನಿಷಿನಲ್ಲಿ, ಸಾಧ್ಯವಾದರೆ ಗೋಡೆಗೆ ಹಾಕುವ ಫಿನಿಷಿನಲ್ಲೇ ತರಿಸಿ.

6. ಮೂಲೆಯಲ್ಲಿ ನೋಡಿ

ಒಂದೇ ಬಣ್ಣದ ಎರಡು ಹಲಗೆ ಯಾಕೆ ಎಂದರೆ ಮೂಲೆಗಾಗಿ. ಎರಡನ್ನೂ ಅಂಚಿಗೆ ಅಂಚು ಸೇರಿಸಿ ಕೋಣೆಯ ಒಳಮೂಲೆಯಲ್ಲಿ, ಕಣ್ಣಿನ ಎತ್ತರದಲ್ಲಿ ನಿಲ್ಲಿಸಿ. ಸೇರುವ ಕಡೆ ಬಿಳಿ ಅಂಚು ಇರದಂತೆ ಆ ಒಂದು ಬದಿಗೆ ಟೇಪ್ ಹಚ್ಚದೆ ಬಳಿಯಿರಿ. ಒಂದು ಹಲಗೆಯಿಂದ ಚಿಮ್ಮಿದ ಬೆಳಕು ಇನ್ನೊಂದರ ಮೇಲೆ ಬಿದ್ದು, ಕೂಡುವ ಜಾಗದ ಹತ್ತಿರ ಬಣ್ಣ ಒಂದು ಮೆಟ್ಟಿಲು ಆಳವಾಗುವುದನ್ನು ನೋಡಬಹುದು. ಹೊರ ಅಂಚಿನಲ್ಲಿ ಕೆನೆಯಾಗಿದ್ದದ್ದು ಒಳಗೆ ಬಂದಂತೆ ಪೀಚ್ ಆಗುತ್ತದೆ, ಅಥವಾ ಬೂದಾಗಿದ್ದದ್ದು ಹಸಿರು ಬಿಡುತ್ತದೆ. ನಾಲ್ಕು ಗೋಡೆಗೆ ಬಳಿದಾಗ ಇಡೀ ಕೋಣೆ ಆ ಕಡೆಗೇ ತುಸು ಸರಿಯುತ್ತದೆ. ಹೀಗಾಗಿ ಚೀಟಿಯಲ್ಲಿ ಮೆಲುವಾಗಿದ್ದ ಬಣ್ಣ ಗೋಡೆಯಲ್ಲಿ ಜೋರಾಯಿತು ಎಂಬ ದೂರು ಬರುವುದು. ಮೂಲೆಯ ಒಳಭಾಗ ನಿಮಗೆ ಹಿಡಿಸದಿದ್ದರೆ ಆ ಬಣ್ಣ ಬೇಡ.

ನಂತರ ಹಲಗೆಗಳನ್ನು ಕಿಟಕಿಯಿರುವ ಗೋಡೆ, ಅದರ ಎದುರಿನ ಗೋಡೆ, ಸೋಫಾದ ಹಿಂದೆ ಹೀಗೆ ಮೂರು ಕಡೆ ಇಟ್ಟು ನೋಡಿ. ಕಿಟಕಿಯಿರುವ ಗೋಡೆಯೇ ಕೋಣೆಯಲ್ಲಿ ಹೆಚ್ಚು ಕತ್ತಲಿನದು ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಬೆಳಿಗ್ಗೆ, ನಡುಮಧ್ಯಾಹ್ನ, ಸಂಜೆ ಮತ್ತು ದೀಪ ಹಚ್ಚಿದ ಮೇಲೆ, ಎರಡು ಮೂರು ಮೀಟರ್ ದೂರದಿಂದ ನೋಡಿ. ಮೋಡದ ದಿನ ಒಂದು ಸಿಕ್ಕರೆ ಬಿಡಬೇಡಿ.

ಪಕ್ಕಪಕ್ಕ ಇಟ್ಟು ನೋಡುವುದು ಮೊದಲ ದಿನಕ್ಕೆ ಮಾತ್ರ. ಎರಡನೆಯ ದಿನ ಒಂದನ್ನು ಹೊರಗೆ ಒಯ್ದು ಒಂದನ್ನೇ ಇಡಿ. ಕೋಣೆಯಿಂದ ಹೊರಗೆ ಹೋಗಿ, ಐದು ನಿಮಿಷ ಬಿಟ್ಟು ಒಳಗೆ ಬನ್ನಿ. ಬಾಗಿಲಲ್ಲಿ ನಿಂತ ಕೂಡಲೇ ಮೊದಲು ಕಣ್ಣಿಗೆ ಬಿದ್ದದ್ದು ಹಲಗೆಯ ಬಣ್ಣವೋ, ಒಟ್ಟು ಕೋಣೆಯೋ? ಬೆಚ್ಚಗಿನ ತಿಳಿಬಣ್ಣದ ಕೆಲಸ ಹಿಂದೆ ಸರಿದು ನಿಲ್ಲುವುದು. "ಅರೆ, ಇದು ಗುಲಾಬಿ" ಎಂದು ತಕ್ಷಣ ಅನ್ನಿಸಿದರೆ ಅದು ಸೋತಿತು.

ನೀವು ಆ ಕೋಣೆಯನ್ನು ಹೆಚ್ಚು ಬಳಸುವ ಹೊತ್ತಿನ ತೀರ್ಪಿಗೆ ಹೆಚ್ಚು ಬೆಲೆ ಕೊಡಿ. ರಾತ್ರಿ ಮಾತ್ರ ಕೂರುವ ಕೋಣೆಗೆ ಬೆಳಗಿನ ಹತ್ತು ಗಂಟೆಯ ಬೆಳಕಿನಲ್ಲಿ ಆರಿಸುವುದರಲ್ಲಿ ಅರ್ಥವಿಲ್ಲ. ಇಷ್ಟೆಲ್ಲ ಆದ ಮೇಲೂ ಎರಡೂ ಸಮವೆನಿಸಿದರೆ ಕಡಿಮೆ ತೀವ್ರತೆಯದನ್ನು ತೆಗೆದುಕೊಳ್ಳಿ. ಗೋಡೆಗೆ ಏರಿದಾಗ ಬಣ್ಣ ಹೇಗೂ ಜೋರಾಗುತ್ತದೆ.

"ಇದನ್ನೇ ಅರ್ಧ ತಿಳಿ ಮಾಡಿಕೊಡಿ" ಎಂದು ನಡುವಿನ ದಾರಿ ಹಿಡಿಯುವವರಿದ್ದಾರೆ. ಬೆರೆಸುವ ದ್ರವ್ಯವನ್ನು ಅರ್ಧಕ್ಕಿಳಿಸಿದರೆ ಅದೇ ಬಣ್ಣದ ತಿಳಿರೂಪವೇ ಬರುತ್ತದೆ ಎಂಬ ಖಾತ್ರಿಯಿಲ್ಲ, ಒಳಛಾಯೆಯೂ ಬದಲಾಗಬಹುದು. ಮಾಡಿಸುವುದಿದ್ದರೆ ಅದನ್ನು ಮೂರನೆಯ ಬಣ್ಣವೆಂದೇ ತಿಳಿದು ಮತ್ತೆ ಹಲಗೆ ಮಾಡಿ. ಒಂದು ಕಂಪನಿಯ ಶೇಡನ್ನು ಇನ್ನೊಂದರ ಬೇಸ್‌ನಲ್ಲಿ ಬೆರೆಸಿಸುವುದಕ್ಕೂ ಇದೇ ಮಾತು.

7. ಕೊಳ್ಳುವಾಗ ಮತ್ತು ಬಳಿಯುವಾಗ

4 ಮೀ. × 3.5 ಮೀ. ಕೋಣೆ, 3 ಮೀ. ಎತ್ತರ ಎಂದುಕೊಳ್ಳಿ. ಸುತ್ತಳತೆ 15 ಮೀ., ಗೋಡೆ 45 ಚದರ ಮೀಟರ್. ಬಾಗಿಲು ಕಿಟಕಿಗೆ 4 ಕಳೆದರೆ 41. ಎರಡು ಕೋಟ್‌ಗೆ 82. ಲೀಟರಿಗೆ 10ರಂತೆ 8.2 ಲೀಟರ್, ಹೀರಿಕೊಳ್ಳುವ ಹೊಸ ಪುಟ್ಟಿ ಗೋಡೆಯಾದರೆ ಮೊದಲು ಪ್ರೈಮರ್ ಹಾಕದೆ ಈ ಲೆಕ್ಕ ನಿಲ್ಲುವುದಿಲ್ಲ. ಮುಂದೆ ತೇಪೆಗೆ ಬೇಕಾಗುವುದೂ ಸೇರಿ 9ರಿಂದ 10 ಲೀಟರನ್ನು ಒಂದೇ ಸಲಕ್ಕೆ, ಒಂದೇ ಬ್ಯಾಚಿನಲ್ಲಿ ತನ್ನಿ.

ಡಬ್ಬಿ ತೆರೆದ ಕೂಡಲೇ ಗೋಡೆಗೆ ಹೋಗಬೇಡಿ. ಸ್ಯಾಂಪಲ್ ಡಬ್ಬಿಗೆ ಬೀಳುವ ದ್ರವ್ಯ ತೀರಾ ಕಡಿಮೆ, ಅದರಲ್ಲಿ ಒಂದು ಹನಿ ಹೆಚ್ಚುಕಡಿಮೆಯಾದರೂ ಛಾಯೆ ಬದಲಾಗಿರುತ್ತದೆ. ಆದ್ದರಿಂದ ದೊಡ್ಡ ಡಬ್ಬಿಯ ಬಣ್ಣವನ್ನು ಗೆದ್ದ ಹಲಗೆಯ ಮೇಲೆ ಒಂದು ಅಂಗೈಯಷ್ಟು ಹಚ್ಚಿ, ಪೂರ್ತಿ ಒಣಗಿಸಿ. ಕಲೆ ಕಾಣದೆ ಬೆರೆತುಹೋದರೆ ಸರಿ. ಎದ್ದು ಕಂಡರೆ, ಗೋಡೆ ಮುಟ್ಟುವ ಮೊದಲೇ ಹಲಗೆ ಮತ್ತು ಡಬ್ಬಿ ಎರಡನ್ನೂ ಒಯ್ದು ತೋರಿಸಿ.

ಒಂದಕ್ಕಿಂತ ಹೆಚ್ಚು ಡಬ್ಬಿ ಇದ್ದರೆ ಎಲ್ಲವನ್ನೂ ದೊಡ್ಡ ಬಕೆಟಿಗೆ ಸುರಿದು ಒಟ್ಟಿಗೆ ಕಲಕಿ. ತಿಳಿ ಬೀಜ್‌ನಲ್ಲಿ ಎರಡು ಡಬ್ಬಿಗಳ ನಡುವಿನ ಸಣ್ಣ ವ್ಯತ್ಯಾಸ ಮೂಲೆಯಲ್ಲಿ ಎರಡು ಗೋಡೆ ಸೇರುವ ಕಡೆ ಗೆರೆ ಎಳೆದಂತೆ ಕಾಣುತ್ತದೆ. ಮೊದಲ ಕೋಟ್ ಒಣಗಿದಾಗ ಪಟ್ಟೆ ಪಟ್ಟೆಯಾಗಿ, ಹಳೆಯ ಬಣ್ಣ ಇಣುಕುತ್ತಿದ್ದರೆ ಗಾಬರಿ ಬೇಡ. ಎರಡನೆಯದು ಪೂರ್ತಿ ಒಣಗುವವರೆಗೆ ಬಣ್ಣದ ಬಗ್ಗೆ ತೀರ್ಪು ಕೊಡಬೇಡಿ.

ಉಳಿದ ಬಣ್ಣವನ್ನು ಗಾಳಿಗೆ ಜಾಗವಿಲ್ಲದಂತೆ ಚಿಕ್ಕ ಗಾಜಿನ ಜಾಡಿಗೆ ತುಂಬಿ ಬಿಗಿಯಾಗಿ ಮುಚ್ಚಿ. ಡಬ್ಬಿಯ ಮೇಲಿನ ಫಾರ್ಮುಲಾ ಚೀಟಿ, ಬೇಸ್, ಫಿನಿಷ್, ಬ್ಯಾಚ್ ನಂಬರ್ ನಾಲ್ಕನ್ನೂ ಬರೆದು ಅದಕ್ಕೇ ಅಂಟಿಸಿ. ತೇಪೆ ಹಾಕುವಾಗ ಕಲೆಯ ಮೇಲಷ್ಟೇ ಹಚ್ಚಿದರೆ ವರ್ಷಗಳ ನಂತರ ಅದು ಬೇರೆಯಾಗಿ ಕಾಣುತ್ತದೆ. ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಆ ಗೋಡೆಯನ್ನು ಪೂರ್ತಿಯಾಗಿ ಬಳಿಯಿರಿ.